ಕೊಟ್ಟವರ ಲೆಕ್ಕ, ಪಡೆದವರ ಲೆಕ್ಕ: ದೂರಬೋಧನೆಯ ಮೌಲ್ಯಮಾಪನವನ್ನು ಕುರಿತು ಒಂದು ಚಾರಿತ್ರಿಕ ವಿಚಾರ

ಗುಂಡ್ಲುಪೇಟೆಯಿಂದ ಬಂಡೀಪುರದ ಕಾಡಿಗೆ ಹೋಗುವ ಹೆದ್ದಾರಿಯಲ್ಲಿ, ಹಿಮವದ್ಗೋಪಾಲಸ್ವಾಮಿ ಬೆಟ್ಟದ ರಸ್ತೆ ಕವಲೊಡೆಯುವೆಡೆಯಲ್ಲಿ, ಹಂಗಳವೆಂಬ ಹೋಬಳಿ ಗ್ರಾಮವಿದೆ. ಬೆಟ್ಟಕ್ಕೆ ಹೋಗುವ ಯಾತ್ರಿಕರಿಗೂ ಊಟಿಗೆ ಹೋಗುವ ಪ್ರವಾಸಿಗಳಿಗೂ ಅದು ತಿರುವಿನ ಗುರುತು; ಅದಕ್ಕಿಂತ ಹೆಚ್ಚಿನ ಪ್ರಸಿದ್ಧಿಯನ್ನು ಅದು ಬಯಸಿದಂತೆಯೂ ಕಾಣದು. ತಾಲ್ಲೂಕಿನ ಮುಖ್ಯಸ್ಥಳ ಅಲ್ಲಿಗೆ ಹತ್ತಿರವೇ ಆದರೂ, ಗುಂಡ್ಲುಪೇಟೆಯಿಂದ ಮೈಸೂರಿಗೆ ಸುಮಾರು 60 ಕಿಲೋಮೀಟರು ದಾರಿ. ರೈಲು ಗುಂಡ್ಲುಪೇಟೆಗೆ ಇಂದಿಗೂ ಬಂದಿಲ್ಲ. ವಿಶ್ವವಿದ್ಯಾನಿಲಯವೊಂದು ತನ್ನ ಪಾಠವನ್ನು ಅಂಚೆಯಿಂದಲೋ ಬಾನುಲಿಯಿಂದಲೋ ಕೃತಕೋಪಗ್ರಹದಿಂದಲೋ ಅಂತರ್ಜಾಲದಿಂದಲೋ ದೂರಕ್ಕೆ ಕಳುಹಿಸುತ್ತದೆ ಎಂದಾಗ, ಆ ದೂರವೆಂಬುದು ಕೊನೆಗೆ ಇಂಥ ಒಂದು ಊರೇ.

ಇಂಥ ಬೋಧನೆಯ ಗುಣಾವಗುಣಗಳನ್ನು ಅಳೆಯುವ ಬರಹ ಕಳೆದ ಅರುವತ್ತು ವರ್ಷಗಳಲ್ಲಿ ಅಪಾರವಾಗಿ ಬೆಳೆದಿದೆ. ಅಭಿವೃದ್ಧಿಶೀಲ ದೇಶಗಳ ವಿಶ್ವವಿದ್ಯಾನಿಲಯಗಳಲ್ಲಿ ಆನ್‌ಲೈನ್ ಕಲಿಕೆಯ ವ್ಯವಸ್ಥೆಗಳು ಎಷ್ಟರಮಟ್ಟಿಗೆ ಫಲಿಸಿವೆ ಎಂಬ ಪ್ರಶ್ನೆಯಂತೂ 2020ರ ಬಳಿಕ ಎಲ್ಲೆಡೆಯೂ ಚರ್ಚೆಗೆ ಬಂದಿದೆ. ಅದಕ್ಕೆ ಉತ್ತರ ಹೇಳುವುದು ಶಿಕ್ಷಣಶಾಸ್ತ್ರಜ್ಞರ ಕೆಲಸ. ಚರಿತ್ರೆಯ ವಿದ್ಯಾರ್ಥಿಗೆ ಉಳಿಯುವುದು ಅದಕ್ಕಿಂತ ಹಿಂದಿನ ಪ್ರಶ್ನೆ: ಫಲಿಸಿತು ಅಥವಾ ಫಲಿಸಲಿಲ್ಲ ಎಂದು ಹೇಳಿದವರು ಯಾರು, ಯಾವ ಆಧಾರದಿಂದ ಹೇಳಿದರು, ಆ ಆಧಾರ ಹುಟ್ಟಿದ್ದೆಲ್ಲಿ? ನಮ್ಮ ಪ್ರಾಂತದ ನಿದರ್ಶನಗಳನ್ನು ಹಿಡಿದು ನೋಡಿದರೆ, ಈ ಆಧಾರಗಳು ಬಹುಮಟ್ಟಿಗೆ ಕಳುಹಿಸುವ ತುದಿಯಲ್ಲಿಯೇ ಹುಟ್ಟಿದವೆಂದೂ, ಪಡೆಯುವ ತುದಿಯ ಸಾಕ್ಷ್ಯವನ್ನು ದೊಡ್ಡ ಪ್ರಮಾಣದಲ್ಲಿ ಕ್ರಮವಾಗಿ ಕೂಡಿಸಿದ್ದು ಅಪರೂಪವೆಂದೂ ತೋರುತ್ತದೆ. ಇದನ್ನು ವಿವರಿಸುವುದು ಪ್ರಕೃತ ಲೇಖನದ ಉದ್ದೇಶ. ಚಾಮರಾಜನಗರ ಜಿಲ್ಲೆಯ ಒಂದು ಊರಿನ ಕಡೆಯಿಂದ ಈ ಚರಿತ್ರೆಯನ್ನು ನೋಡಲು ಕಾರಣವಿದೆ. ಅದು ಮುಂದೆ ತಾನಾಗಿ ತಿಳಿಯುವುದು.

ಶಾಸನಗಳನ್ನು ಓದಿದ ಅಭ್ಯಾಸವುಳ್ಳವರಿಗೆ ಈ ತೊಡಕು ಹೊಸದಲ್ಲ. ಅಗ್ರಹಾರಕ್ಕೋ ಘಟಿಕಾಸ್ಥಾನಕ್ಕೋ ಭೂಮಿ ಬಿಟ್ಟ ದಾನಶಾಸನ ದಾನಿಯ ವಂಶಾವಳಿಯನ್ನು ಹೇಳುತ್ತದೆ. ಬಿಟ್ಟ ಗದ್ದೆಯ ಚತುಸ್ಸೀಮೆಯನ್ನು ಹೇಳುತ್ತದೆ. ಧರ್ಮವನ್ನು ಅಳಿದವರಿಗೆ ತಟ್ಟುವ ಪಾಪವನ್ನೂ ಹೇಳುತ್ತದೆ. ಆ ಗದ್ದೆಯ ಅಕ್ಕಿಯನ್ನುಂಡು ಓದಿದ ಹುಡುಗನು ಏನು ಕಲಿತನೆಂಬುದನ್ನು ಮಾತ್ರ ಹೇಳುವುದಿಲ್ಲ. ಅದು ಶಾಸನದ ದೋಷವಲ್ಲ. ಶಾಸನ ಹುಟ್ಟಿದ್ದು ದಾನವನ್ನು ಕಾಯುವುದಕ್ಕಾಗಿ. ನಮ್ಮ ಕಾಲದ ವರದಿಗಳಲ್ಲಿಯೂ ಸ್ಥಾಪಿಸಿದ ಕೇಂದ್ರಗಳೆಷ್ಟು, ಹಂಚಿದ ಯಂತ್ರಗಳೆಷ್ಟು, ಸಿದ್ಧವಾದ ಪಾಠಗಳೆಷ್ಟು ಎಂಬ ವಿವರ ಪುಷ್ಕಳವಾಗಿರುತ್ತದೆ. ಅವು ಒಂದು ಬಗೆಯ ದಾನಶಾಸನಗಳೇ ಎಂದು ತಿಳಿದು ಓದಿದರೆ ಓದುಗನಿಗೆ ನಿರಾಶೆಯಾಗದು.

ನಮ್ಮ ಹಳೆಯ ಕೂಲಿಮಠಗಳಲ್ಲಿ ಅಳತೆಗೆ ಬೇರೊಂದು ಮಾತಿತ್ತು. ಹುಡುಗನು ಪಾಠವನ್ನು ‘ಒಪ್ಪಿಸ’ಬೇಕಾಗಿತ್ತು. ಮರಳಿನ ಮೇಲೆ ತಿದ್ದಿದ ಅಕ್ಷರವಾಗಲಿ, ಬಾಯಿಪಾಠ ಮಾಡಿದ ಮಗ್ಗಿಯಾಗಲಿ, ಅಯ್ಯನವರ ಮುಂದೆ ನಿಂತು ಒಪ್ಪಿಸುವವರೆಗೆ ಪಾಠ ಮುಗಿದಂತೆ ಆಗುತ್ತಿರಲಿಲ್ಲ. ಆ ಪದ್ಧತಿಯಲ್ಲಿ ಗಿಣಿಪಾಠವೂ ಬೆತ್ತವೂ ಹೇರಳವಾಗಿದ್ದುವು. ಆ ಜಗುಲಿಯನ್ನು ಹತ್ತುವ ಭಾಗ್ಯ ಹೆಚ್ಚಿನ ಜಾತಿಗಳ ಮಕ್ಕಳಿಗೂ ಹೆಣ್ಣುಮಕ್ಕಳಿಗೂ ಇರಲಿಲ್ಲವೆಂಬುದನ್ನಂತೂ ಮರೆಯಲೇ ಕೂಡದು. ಆದರೂ ‘ಒಪ್ಪಿಸು’ ಎಂಬ ಕ್ರಿಯಾಪದದಲ್ಲಿ ಒಂದು ತಿಳಿವಳಿಕೆ ಅಡಗಿದೆ. ಪಾಠ ಗುರುವಿನಿಂದ ಹೊರಟು ಶಿಷ್ಯನನ್ನು ಮುಟ್ಟಿ ಮತ್ತೆ ಗುರುವಿನೆಡೆಗೆ ಬರಬೇಕು. ಅದಕ್ಕೊಂದು ಮರುದಾರಿ ಬೇಕು. ದೂರಬೋಧನೆಯ ಒಂದೊಂದು ಸಾಧನದಲ್ಲಿಯೂ ಈ ಮರುದಾರಿ ಎಷ್ಟಿತ್ತು ಎಂದು ಕೇಳುತ್ತ ಹೋಗುವುದು ನಮ್ಮ ಚರಿತ್ರೆಗೆ ಒಳ್ಳೆಯ ಸೂತ್ರವಾಗಬಲ್ಲುದು.

1916ರಲ್ಲಿ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾನಿಲಯ ತನ್ನ ಕಾಲೇಜುಗಳ ಗೋಡೆಯಾಚೆಗೂ ಮಾತನಾಡಬೇಕೆಂದು ಬಯಸಿತು. ಅದರ ಪ್ರಚಾರೋಪನ್ಯಾಸಗಳು ಊರುಗಳಿಗೆ ಹೋದುವು. ಕನ್ನಡದ ಕಿರುಹೊತ್ತಗೆಗಳಾಗಿ ಅಚ್ಚೂ ಆದುವು. ಉಪನ್ಯಾಸಕರು ಊರಿಗೆ ಬಂದಾಗ ಎದುರಿಗೆ ಕುಳಿತವನು ಆಕಳಿಸಬಹುದಾಗಿತ್ತು, ಎದ್ದು ಪ್ರಶ್ನೆ ಕೇಳಬಹುದಾಗಿತ್ತು, ಎರಡೂ ಮೌಲ್ಯಮಾಪನವೇ. ಬಾನುಲಿ ಬಂದ ಮೇಲೆ ಈ ಅನುಕೂಲ ತಪ್ಪಿತು. 1935ರ ಸೆಪ್ಟೆಂಬರ್ 10ರಂದು ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ಒಂಟಿಕೊಪ್ಪಲಿನಲ್ಲಿದ್ದ ತಮ್ಮ ಮನೆ ‘ವಿಠಲ ವಿಹಾರ’ದಲ್ಲಿ ಬಾನುಲಿ ನಿಲಯವೊಂದನ್ನು ಆರಂಭಿಸಿದರು. ನಾ. ಕಸ್ತೂರಿಯವರು ಸೂಚಿಸಿದ ‘ಆಕಾಶವಾಣಿ’ ಎಂಬ ಹೆಸರು ಮುಂದೆ ಭರತಖಂಡದ ಬಾನುಲಿಗೆಲ್ಲ ಸಂದಿತು. ನಿಲಯ 1955ರಲ್ಲಿ ಬೆಂಗಳೂರಿಗೆ ಹೋಯಿತು. ಇದು ಎಲ್ಲರೂ ಬಲ್ಲ ಕಥೆ. ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ಸ್ಪಿಯರ್‌ಮನ್ನರ ಶಿಷ್ಯರಾಗಿದ್ದರೆಂಬುದನ್ನು ಮಾತ್ರ ಅಷ್ಟಾಗಿ ನೆನೆಯುವುದಿಲ್ಲ. ಬುದ್ಧಿಯನ್ನು ಅಳೆಯುವ ಶಾಸ್ತ್ರಕ್ಕೆ ಬುನಾದಿ ಹಾಕಿದವರಲ್ಲಿ ಆ ಗುರು ಒಬ್ಬರು. ಅಳತೆಯ ವಿದ್ಯೆ, ಪ್ರಸಾರದ ಯಂತ್ರ ಎರಡೂ ಒಂದೇ ಮನೆಯಲ್ಲಿ, ಒಬ್ಬರೇ ಪ್ರಾಧ್ಯಾಪಕರಲ್ಲಿ ಕೂಡಿದ್ದ ಆ ಗಳಿಗೆ ನಮ್ಮ ವಿಷಯಕ್ಕೆ ಶುಭಶಕುನದಂತಿತ್ತು. ಆಮೇಲೆ ಇವೆರಡೂ ಬೇರೆ ಬೇರೆ ಇಲಾಖೆಗಳಿಗೆ ಹಂಚಿಹೋದುವು.

ಅಂಚೆಯ ಮೂಲಕ ಪಾಠ ಹೇಳುವ ಕ್ರಮ ಇದಕ್ಕಿಂತ ಹಳೆಯದು. ತನ್ನಲ್ಲಿಗೆ ಬಂದು ಕಲಿಯದವರಿಗೂ ಪರೀಕ್ಷೆಗೆ ಕುಳಿತು ಪದವಿ ಪಡೆಯುವ ಅವಕಾಶವನ್ನು ಲಂಡನ್ ವಿಶ್ವವಿದ್ಯಾನಿಲಯ 1858ರಲ್ಲಿಯೇ ಕೊಟ್ಟಿತ್ತು. ನಮ್ಮ ದೇಶದಲ್ಲಿ 1962ರಲ್ಲಿ ದೆಹಲಿ ವಿಶ್ವವಿದ್ಯಾನಿಲಯ ಅಂಚೆಪಾಠಗಳನ್ನು ಆರಂಭಿಸಿತು. ಆಗ ಕೇಂದ್ರದ ಶಿಕ್ಷಣ ಸಚಿವರಾಗಿದ್ದ ಕಾಲೂಲಾಲ ಶ್ರೀಮಾಲಿಯವರು 1964ರಿಂದ 1969ರವರೆಗೆ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದರು. ಮೈಸೂರಿನಲ್ಲಿ ಅಂಚೆ ತೆರಪಿನ ಶಿಕ್ಷಣ ಸಂಸ್ಥೆ ಆರಂಭವಾದುದು 1969ರಲ್ಲಿ. ಇಷ್ಟರಿಂದಲೇ ಕಾರ್ಯಕಾರಣವನ್ನು ನಿರ್ಣಯಿಸುವಂತಿಲ್ಲವಾದರೂ ಈ ಅನುಕ್ರಮ ಗಮನಾರ್ಹವಾಗಿದೆ. ಅಂಚೆಯ ಕ್ರಮದಲ್ಲಿ ಮರುದಾರಿ ಇದ್ದೇ ಇತ್ತು. ಪಾಠದ ಕಟ್ಟನ್ನು ತಂದ ಅಂಚೆಯೇ ಉತ್ತರ ಬರೆದ ಹಾಳೆಗಳನ್ನೂ ಒಯ್ಯಬಲ್ಲುದು. ರಜಾದಿನಗಳಲ್ಲಿ ಸಂಪರ್ಕ ತರಗತಿಗಳನ್ನು ಏರ್ಪಡಿಸಿದರೆ ವಿದ್ಯಾರ್ಥಿ ಅಧ್ಯಾಪಕರ ಮುಖವನ್ನೂ ಕಾಣಬಹುದು. ಹೊಲದ ಕೆಲಸವಿದ್ದವನೂ ಪ್ರಾಥಮಿಕ ಶಾಲೆಯ ಮೇಷ್ಟರೂ ಮದುವೆಯಾಗಿ ಮನೆ ಸೇರಿದ ಹೆಣ್ಣುಮಗಳೂ ಬಿ.ಎ. ಓದಬಹುದಾದ ದಾರಿ ಅದೊಂದೇ ಆಗಿತ್ತು. ಮರುದಾರಿ ನಿಧಾನವಾದದ್ದು, ನಿಜ. ಕೆಂಪು ಶಾಯಿಯ ತಿದ್ದುಪಡಿ ಹಿಂದಿರುಗುವ ವೇಳೆಗೆ ಮುಂದಿನ ಎರಡು ಪಾಠಗಳು ಬಂದು ಬಿದ್ದಿರುವ ಸಂಭವವಿತ್ತು.

ಈಗ ಉಪಗ್ರಹದ ಯುಗಕ್ಕೆ ಬರಬಹುದು. ಇಲ್ಲಿ ನಾವು ಸ್ವಲ್ಪ ನಿಲ್ಲಬೇಕು. ಪಡೆಯುವ ತುದಿಯ ಸಾಕ್ಷ್ಯ ಕ್ರಮವಾಗಿ ಕೂಡಿಬಂದ ಆ ಅಪರೂಪದ ಸಂದರ್ಭ ಇದೇ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಸರಿಯಾಗಿ ಒಂದು ವರ್ಷ, ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಎರವಲು ಪಡೆದು, ಭಾರತವು ‘ಸೈಟ್’ ಎಂದು ಹೆಸರಾದ ದೂರದರ್ಶನ ಬೋಧನೆಯ ಪ್ರಯೋಗವನ್ನು ನಡೆಸಿತು. ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಲ್ಲಿ ಸಮುದಾಯದ ದೂರದರ್ಶನ ಪೆಟ್ಟಿಗೆಗಳನ್ನು ಇಟ್ಟರು. ಕರ್ನಾಟಕದಲ್ಲಿ ಅದು ನಡೆದದ್ದು ವಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳಲ್ಲಿ. ತೆಂಕಣ ಸೀಮೆಗೆ ಅದರ ಗಾಳಿ ಸೋಂಕಲಿಲ್ಲ. ದಿನಕ್ಕೆ ನಾಲ್ಕು ಗಂಟೆಗಳ ಪ್ರಸಾರ; ಬೆಳಿಗ್ಗೆ ಒಂದೂವರೆ ಗಂಟೆ ಶಾಲೆಯ ಮಕ್ಕಳಿಗೆ, ಸಂಜೆ ಎರಡೂವರೆ ಗಂಟೆ ಊರಿನವರಿಗೆ. ರಜಾಕಾಲದಲ್ಲಿ ಹತ್ತಾರು ಸಾವಿರ ಪ್ರಾಥಮಿಕ ಶಾಲಾ ಉಪಾಧ್ಯಾಯರಿಗೆ ವಿಜ್ಞಾನಬೋಧನೆಯ ತರಬೇತಿಯೂ ಇದೇ ದಾರಿಯಲ್ಲಿ ನಡೆಯಿತು.

ಈ ಪ್ರಯೋಗದ ಹೆಚ್ಚಳವಿರುವುದು ಅದರ ಮೌಲ್ಯಮಾಪನದಲ್ಲಿ. ಉಪಗ್ರಹದಲ್ಲಿ ಮರುದಾರಿ ಇಲ್ಲವೆಂಬುದನ್ನು ಆ ವಿಜ್ಞಾನಿಗಳು ಮೊದಲೇ ಅರಿತಿದ್ದರು. ಅದನ್ನು ಮನುಷ್ಯರಿಂದ ಕಟ್ಟಿಸಿದರು. ಪ್ರಯೋಗಕ್ಕೆ ಮುಂಚೆ, ನಡುವೆ, ಮುಗಿದ ಮೇಲೆ ಹೀಗೆ ಹಂತ ಹಂತವಾಗಿ ಸಮೀಕ್ಷೆಗಳು ನಡೆದುವು. ಮಾನವಶಾಸ್ತ್ರಜ್ಞರು ಆಯ್ದ ಹಳ್ಳಿಗಳಿಗೆ ಹೋಗಿ, ಅಲ್ಲಿಯೇ ತಂಗಿ, ಪೆಟ್ಟಿಗೆಯ ಮುಂದೆ ಯಾರು ಕುಳಿತರು, ಯಾರು ದೂರ ನಿಂತರು, ಎಂದು ಎದ್ದುಹೋದರು ಎಂಬುದನ್ನು ಬರೆದಿಟ್ಟರು. ಬಂದ ಫಲಿತಾಂಶ ಪ್ರಾಯೋಜಕರಿಗೆ ಸಂಪೂರ್ಣವಾಗಿ ಹಿತವಾದದ್ದೇನೂ ಅಲ್ಲ. ದೂರದರ್ಶನವಿದ್ದ ಶಾಲೆಯ ಮಕ್ಕಳ ಪರೀಕ್ಷಾಸಾಧನೆ ಇಲ್ಲದ ಶಾಲೆಯ ಮಕ್ಕಳದಕ್ಕಿಂತ ಗಣನೀಯವಾಗಿ ಮೇಲಾಗಿರಲಿಲ್ಲ. ಶಾಲೆ ಬಿಡುವವರ ಪ್ರಮಾಣವೂ ಇಳಿಯಲಿಲ್ಲ. ಆದರೆ ಆ ಮಕ್ಕಳ ಭಾಷೆ ಬೆಳೆದಿತ್ತು. ಬೇರೆ ಮೂಲಗಳಿಂದ ತಿಳಿದುಕೊಳ್ಳಬೇಕೆಂಬ ಹಂಬಲ ಹೆಚ್ಚಿತ್ತು. ಪರೀಕ್ಷೆಯ ಅಂಕಗಳನ್ನಷ್ಟೇ ನೋಡಿದ್ದರೆ ಈ ಎರಡನೆಯ ಮಾತು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ವರ್ಷ ಮುಗಿಯಿತು, ಉಪಗ್ರಹವನ್ನು ಅಮೆರಿಕದವರು ಹಿಂದಕ್ಕೆ ಕರೆಸಿಕೊಂಡರು. 1977ರಲ್ಲಿ ಗುಲ್ಬರ್ಗದಲ್ಲಿ ಭೂಪ್ರಸಾರ ಕೇಂದ್ರವೊಂದು ಬಂತು. ಹಳ್ಳಿಯಲ್ಲಿ ತಂಗಿ ನೋಡುವ ಪದ್ಧತಿ ಮಾತ್ರ ಮುಂದಿನ ಕಾರ್ಯಕ್ರಮಗಳಿಗೆ ಅದೇ ಪ್ರಮಾಣದಲ್ಲಿ ದಾಟಿಬರಲಿಲ್ಲ. ಯಂತ್ರಗಳ ಬೆಲೆ ಇಳಿಯುತ್ತ ಬಂದಂತೆ ಮನುಷ್ಯನನ್ನು ಒಂದು ಊರಿನಲ್ಲಿ ಒಂದು ವರ್ಷ ಇರಿಸುವ ಬೆಲೆ ದುಬಾರಿಯಾಗಿ ಕಂಡಿರಬೇಕು. 1984ರ ಆಗಸ್ಟ್ 15ರಿಂದ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ಇನ್‌ಸ್ಯಾಟ್-1ಬಿ ಮೂಲಕ ದೇಶವ್ಯಾಪಿ ತರಗತಿಯೆಂಬ ಪ್ರಸಾರವನ್ನು ಆರಂಭಿಸಿತು. ಅದು ಕಾಲೇಜಿನ ವಿದ್ಯಾರ್ಥಿಗಳಿಗಾಗಿ, ಬಹುಮಟ್ಟಿಗೆ ಇಂಗ್ಲಿಷಿನಲ್ಲಿ ನಡೆಯಿತು.

ಬೇರೆ ದೇಶಗಳಲ್ಲಿ ಏನಾಯಿತೆಂಬುದನ್ನು ಇಲ್ಲಿಯೇ ನೋಡಿಬಿಡುವುದು ಒಳ್ಳೆಯದು. ಶಾಂತಸಾಗರದಲ್ಲಿ ಚೆದುರಿದ ದ್ವೀಪರಾಷ್ಟ್ರಗಳಿಗೆಲ್ಲ ಒಂದೇ ಆಗಿ 1968ರಲ್ಲಿ ಫಿಜಿಯಲ್ಲಿ ಸ್ಥಾಪಿತವಾದ ದಕ್ಷಿಣ ಶಾಂತಸಾಗರ ವಿಶ್ವವಿದ್ಯಾನಿಲಯವು 1970ರ ದಶಕದಲ್ಲಿ ಎಟಿಎಸ್-1 ಎಂಬ ಹಳೆಯ ಉಪಗ್ರಹವನ್ನು ಬಳಸಿಕೊಂಡಿತು. ಅದರಲ್ಲಿ ಚಿತ್ರವಿಲ್ಲ, ಬರಿಯ ಧ್ವನಿ. ಆದರೆ ಧ್ವನಿ ಎರಡು ಕಡೆಗೂ ಹರಿಯುತ್ತಿತ್ತು. ಸಾವಿರಾರು ಮೈಲಿ ದೂರದ ದ್ವೀಪದ ವಿದ್ಯಾರ್ಥಿ ಅಧ್ಯಾಪಕನನ್ನು ತಡೆದು ಪ್ರಶ್ನೆ ಕೇಳಬಹುದಾಗಿತ್ತು. ಇದಕ್ಕೆ ಪ್ರತಿಯಾಗಿ, 1997ರಲ್ಲಿ ವಿಶ್ವಬ್ಯಾಂಕಿನ ಯೋಜನೆಯಾಗಿ ಹುಟ್ಟಿದ ಆಫ್ರಿಕದ ಕಲ್ಪಿತ ವಿಶ್ವವಿದ್ಯಾನಿಲಯವು ಮೊದಲಲ್ಲಿ ಪಶ್ಚಿಮದೇಶಗಳ ವಿಶ್ವವಿದ್ಯಾನಿಲಯಗಳ ಉಪನ್ಯಾಸಗಳನ್ನೇ ಉಪಗ್ರಹದಿಂದ ಆಫ್ರಿಕದ ಕೇಂದ್ರಗಳಿಗೆ ಇಳಿಸಿತು. ಪಾಠ ಪರದೇಶದ್ದೆಂಬ ಆಕ್ಷೇಪ ಬೇಗ ಕೇಳಿಬಂತು. ಮುಂದೆ ಅದು ನೈರೋಬಿಯಲ್ಲಿ ನೆಲೆಗೊಂಡು ಆಫ್ರಿಕದ ಸರ್ಕಾರಗಳ ಸಂಸ್ಥೆಯಾಗಿ ಮಾರ್ಪಟ್ಟಿತು. ಸಾಧನದ ಹೊಸತನಕ್ಕೂ ಮರುದಾರಿಯ ಅಗಲಕ್ಕೂ ಸಂಬಂಧವಿಲ್ಲವೆಂಬುದಕ್ಕೆ ಈ ಎರಡು ಉದಾಹರಣೆಗಳು ಸಾಕು.

2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟೆಯಿಂದ ಎಜುಸ್ಯಾಟ್ ಮೇಲೇರಿತು. ಬೋಧನೆಗಾಗಿಯೇ ಮೀಸಲಾದ ಉಪಗ್ರಹವೆಂದು ಅದು ಹೆಸರಾಯಿತು. ತೂಕ 1950 ಕಿಲೋಗ್ರಾಂ, ನಿರೀಕ್ಷಿತ ಆಯುಸ್ಸು ಏಳು ವರ್ಷ. ಅದು ಹಾರುವ ಮೊದಲೇ ಇನ್‌ಸ್ಯಾಟ್-3ಬಿ ಮೂಲಕ ಪ್ರಾಯೋಗಿಕ ಹಂತ ನಡೆದಿತ್ತು. ಅದಕ್ಕೆ ಆಯ್ದ ಮೂರು ವಿಶ್ವವಿದ್ಯಾನಿಲಯಗಳು ಬೆಳಗಾವಿಯಲ್ಲಿ ಕೇಂದ್ರಸ್ಥಾನವುಳ್ಳ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯ, ಭೋಪಾಲದ ರಾಜೀವಗಾಂಧಿ ತಾಂತ್ರಿಕ ವಿಶ್ವವಿದ್ಯಾನಿಲಯ, ನಾಸಿಕದ ಯಶವಂತರಾವ್ ಚವ್ಹಾಣ್ ಮುಕ್ತ ವಿಶ್ವವಿದ್ಯಾನಿಲಯ. ಎಜುಸ್ಯಾಟಿನ ಇನ್ನೊಂದು ದೊಡ್ಡ ಪ್ರಯೋಗಭೂಮಿ ಚಾಮರಾಜನಗರ ಜಿಲ್ಲೆ. 1997ರ ಆಗಸ್ಟ್ 15ರಂದು ಮೈಸೂರಿನಿಂದ ಬೇರೆಯಾಗಿದ್ದ ಈ ಜಿಲ್ಲೆಯಲ್ಲಿ ಆಗ ಇದ್ದವು ನಾಲ್ಕು ತಾಲ್ಲೂಕುಗಳು. ಅಲ್ಲಿನ 885 ಪ್ರಾಥಮಿಕ ಶಾಲೆಗಳು ಈ ಜಾಲಕ್ಕೆ ಸೇರಿದುವು. ಶಾಲೆಯ ಮೇಲೆ ತಟ್ಟೆಯಾಕಾರದ ಆಂಟೆನಾ, ಒಳಗೆ ದೂರದರ್ಶನ, ಪಾಠ ಕನ್ನಡದಲ್ಲಿ.

ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಎಜುಸ್ಯಾಟಿನ ನೆಲದ ಕೇಂದ್ರಗಳು ಎರಡು ಬಗೆ: ಪಡೆಯುವುದಕ್ಕೂ ಕಳುಹಿಸುವುದಕ್ಕೂ ಬರುವುವು ಒಂದು ಬಗೆ, ಪಡೆಯುವುದಕ್ಕೆ ಮಾತ್ರ ಬರುವುವು ಇನ್ನೊಂದು ಬಗೆ. ತಾಂತ್ರಿಕ ಕಾಲೇಜುಗಳಿಗೆ ಮೊದಲನೆಯದು ಸಂದಿತು; ಅಲ್ಲಿನ ವಿದ್ಯಾರ್ಥಿ ಉಪನ್ಯಾಸಕರನ್ನು ಪ್ರಶ್ನಿಸಬಹುದು. ಚಾಮರಾಜನಗರದ ಶಾಲೆಗಳಿಗೆ ಬಂದದ್ದು ಎರಡನೆಯದು. ಅದರ ಬೆಲೆ ಕಡಿಮೆ. ಒಂದೇ ಹಣದಲ್ಲಿ ಹೆಚ್ಚು ಶಾಲೆಗಳನ್ನು ಮುಟ್ಟಬಹುದೆಂಬ ಯೋಜಕರ ಲೆಕ್ಕದಲ್ಲಿ ತಪ್ಪು ಹುಡುಕುವುದು ಸುಲಭವಲ್ಲ. ಒಂಬತ್ತು ನೂರಕ್ಕೆ ಸಮೀಪದ ಶಾಲೆಗಳನ್ನು ಇನ್ನಾವ ದಾರಿಯಲ್ಲಿ ಅಷ್ಟು ಬೇಗ ಮುಟ್ಟಬಹುದಾಗಿತ್ತು? ಆದರೆ ಫಲವನ್ನು ನೋಡಿ. ಬಯಲುಸೀಮೆಯ ಬಡ ಜಿಲ್ಲೆಯ ಮಗು ಆಲಿಸಬಲ್ಲುದು, ಒಪ್ಪಿಸಲಾರದು. ‘885’ ಎಂಬ ಅಂಕಿ ವರದಿಗಳಲ್ಲಿ ಸ್ಥಿರವಾಗಿ ನಿಂತಿತು. ಒಂದು ನಿರ್ದಿಷ್ಟ ಮಂಗಳವಾರ ಹನ್ನೊಂದು ಗಂಟೆಗೆ ಎಷ್ಟು ಶಾಲೆಗಳಲ್ಲಿ ವಿದ್ಯುತ್ತು ಇತ್ತು, ಎಷ್ಟು ಕಡೆ ಪೆಟ್ಟಿಗೆ ನಡೆಯುತ್ತಿತ್ತು, ಎಷ್ಟು ಕಡೆ ಮೇಷ್ಟರು ಪಾಠದ ಕೊನೆಯಲ್ಲಿ ಪ್ರಶ್ನೆ ಕೇಳಿದರು ಎಂಬುದನ್ನು ಆಕಾಶಕ್ಕೆ ತಿಳಿಸುವ ತಂತಿಯೇ ಅಲ್ಲಿರಲಿಲ್ಲ. ಎಜುಸ್ಯಾಟ್ ತನ್ನ ಏಳು ವರ್ಷವನ್ನು ತುಂಬಲಿಲ್ಲ; 2010ರ ಸೆಪ್ಟೆಂಬರ್ 30ರಂದು ಅದನ್ನು ಸೇವೆಯಿಂದ ನಿವೃತ್ತಿಗೊಳಿಸಲಾಯಿತು.

ಪ್ರಾಥಮಿಕ ಶಾಲೆಯ ಈ ಕಥೆ ವಿಶ್ವವಿದ್ಯಾನಿಲಯದ ವಿಚಾರಕ್ಕೆ ಹೊರತಾದುದೆಂದು ಯಾರಾದರೂ ಆಕ್ಷೇಪಿಸಬಹುದು. ಒಂದು ಸಣ್ಣ ಗಣಿತ ಸಾಕು. 2005ರಲ್ಲಿ ಹತ್ತು ವಯಸ್ಸಾಗಿದ್ದ ಮಗುವಿಗೆ 2013ರಲ್ಲಿ ಹದಿನೆಂಟು. ಪದವಿಗೆ ಸೇರುವ ವಯಸ್ಸು. ಅದೇ ವರ್ಷ 2005ರಲ್ಲಿ ಮೂರೋ ನಾಲ್ಕೋ ವಯಸ್ಸಾಗಿದ್ದ ಮಗು 2020ರಲ್ಲಿ ಪದವಿಯ ಮೊದಲ ವರ್ಷದಲ್ಲಿರಬೇಕು. ಈ ಎರಡು ತಲೆಗಳೂ ದೂರಬೋಧನೆಯ ಎರಡು ಬಿಕ್ಕಟ್ಟುಗಳಿಗೆ ನೇರವಾಗಿ ಎದುರಾದುವು. ಪಡೆಯುವವರ ಕಡೆಯಿಂದ ಚರಿತ್ರೆಯನ್ನು ಬರೆದಾಗ ಮಾತ್ರ ಯೋಜನೆಗಳ ನಡುವಣ ಈ ಸಂಬಂಧ ಕಾಣುತ್ತದೆ. ಇಲಾಖೆಗಳ ಕಡತಗಳಲ್ಲಿ ಇವು ಬೇರೆ ಬೇರೆ ಕಟ್ಟುಗಳಲ್ಲಿರುತ್ತವೆ.

ಮೊದಲನೆಯ ಬಿಕ್ಕಟ್ಟು ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದ್ದು. 1996ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾಗಿ, ಹಳೆಯ ಅಂಚೆ ತೆರಪಿನ ಸಂಸ್ಥೆಯ ಹೊಣೆಯನ್ನು ವಹಿಸಿಕೊಂಡ ಆ ವಿಶ್ವವಿದ್ಯಾನಿಲಯಕ್ಕೆ 2012-13ರ ಆಚೆಗೆ ಮಾನ್ಯತೆಯಿಲ್ಲವೆಂದು ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2015ರ ಜೂನಿನಲ್ಲಿ ಪ್ರಕಟಿಸಿತು. ರಾಜ್ಯದ ಎಲ್ಲೆಯನ್ನು ಮೀರಿ ಹೊರಗಿನ ಸಂಸ್ಥೆಗಳ ಮೂಲಕ ಅಧ್ಯಯನ ಕೇಂದ್ರಗಳನ್ನು ನಡೆಸಿದುದು, ಅನುಮತಿಯಿಲ್ಲದ ಶಿಕ್ಷಣಕ್ರಮಗಳನ್ನು ಕೊಟ್ಟದ್ದು ಮುಖ್ಯವಾದ ಆಕ್ಷೇಪಗಳು. ನಡುವೆ ಪ್ರವೇಶವೇ ನಿಂತಿತು. 2018ರ ಆಗಸ್ಟಿನಲ್ಲಿ ಮಾನ್ಯತೆ ಮರಳಿ ಬಂತು. ಆಯೋಗವು ನಿಯಮವನ್ನು ಪಾಲಿಸಬೇಕಾಗಿತ್ತೆಂಬುದನ್ನು ಒಪ್ಪೋಣ. ಆದರೆ ಇಲ್ಲಿ ಅಳತೆಗೆ ಬಂದದ್ದು ಅಧಿಕಾರವ್ಯಾಪ್ತಿ, ಕಲಿಕೆಯಲ್ಲ. ಗುಂಡ್ಲುಪೇಟೆಯ ಕಡೆಯ ವಿದ್ಯಾರ್ಥಿ ಮೈಸೂರಿಗೆ ಬಸ್ಸು ಹಿಡಿದು ಬಂದು, ಸಂಪರ್ಕ ತರಗತಿಯಲ್ಲಿ ಕುಳಿತು, ಕನ್ನಡದ ಪಾಠಪುಸ್ತಕವನ್ನೋದಿ ಪರೀಕ್ಷೆ ಬರೆದಿದ್ದರೂ, 2013-14 ಮತ್ತು 2014-15ರಲ್ಲಿ ಪ್ರವೇಶ ಪಡೆದವನಾಗಿದ್ದರೆ ಅವನ ಪದವಿ ಸಂದಿಗ್ಧಕ್ಕೆ ಸಿಲುಕಿತು. ದೂರದ ಊರುಗಳ ಕೇಂದ್ರಗಳ ಲೋಪಕ್ಕೂ ಅವನಿಗೂ ಯಾವ ಸಂಬಂಧವಿತ್ತು? ಉಪಗ್ರಹದ ಪಾಠವನ್ನು ಕೇಳಿ ಬೆಳೆದ ಮೊದಲ ತಲೆ ಪದವಿಯ ಬಾಗಿಲಿಗೆ ಬಂದಾಗ, ಆ ಜಿಲ್ಲೆಯವರಿಗೆ ಅತಿ ಸುಲಭವಾಗಿದ್ದ ಬಾಗಿಲು ಹೀಗೆ ಮುಚ್ಚಿತ್ತು.

ಎರಡನೆಯ ಬಿಕ್ಕಟ್ಟನ್ನು ಹೇಳುವ ಮುನ್ನ ಅಳತೆಯ ಶಾಸ್ತ್ರದ ಬಗೆಗೆ ಒಂದೆರಡು ಮಾತು. 1959ರಲ್ಲಿ ಅಮೆರಿಕದ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ ಉದ್ಯಮಗಳ ತರಬೇತಿಗಾಗಿ ನಾಲ್ಕು ಮೆಟ್ಟಿಲುಗಳನ್ನು ಸೂಚಿಸಿದರು: ಕಲಿತವನಿಗೆ ಹಿಡಿಸಿತೆ, ಕಲಿತನೆ, ನಡತೆ ಬದಲಾಯಿತೆ, ಫಲ ದೊರೆಯಿತೆ. ಆನ್‌ಲೈನ್ ಕಲಿಕೆಯನ್ನು ಕುರಿತ ಬಹುಪಾಲು ಸಮೀಕ್ಷೆಗಳು ಇಂದಿಗೂ ಮೊದಲನೆಯ ಮೆಟ್ಟಿಲಿನಲ್ಲಿಯೇ ನಿಲ್ಲುತ್ತವೆ. 1999ರಲ್ಲಿ ಥಾಮಸ್ ರಸೆಲ್ ಎಂಬವರು 355 ಅಧ್ಯಯನಗಳನ್ನು ಕಲೆಹಾಕಿ, ಯಾವ ಮಾಧ್ಯಮದಿಂದ ಕಲಿಸಿದರೂ ಫಲದಲ್ಲಿ ಗಣನೀಯವಾದ ಭೇದವಿಲ್ಲವೆಂದು ತೋರಿಸಿದರು. ಇದನ್ನು ದೂರಬೋಧನೆಯ ಪರವಾದ ವಾದವೆಂದು ಕೆಲವರೂ ವ್ಯರ್ಥವೆಂಬುದಕ್ಕೆ ಸಾಕ್ಷಿಯೆಂದು ಕೆಲವರೂ ಉದಾಹರಿಸುತ್ತಾರೆ. ಹಂಗಳದಿಂದ ನೋಡುವವನಿಗೆ ಆ ಹೋಲಿಕೆಯೇ ವಿಚಿತ್ರವಾಗಿ ತೋರುತ್ತದೆ. ಅಲ್ಲಿ ಒಂದು ಕಡೆ ಯಂತ್ರದ ಪಾಠ, ಇನ್ನೊಂದು ಕಡೆ ಒಳ್ಳೆಯ ಅಧ್ಯಾಪಕರ ತರಗತಿ. ಆದರೆ ಹೊಲದಲ್ಲಿ ಚೆಂಡುಹೂವೋ ಅರಿಶಿನವೋ ಇರುವ ಮನೆಯ ಹೆಣ್ಣುಮಗಳ ಮುಂದೆ ಇರುವ ಆಯ್ಕೆ ಅದಲ್ಲ; ಯಂತ್ರದ ಪಾಠ ಇಲ್ಲದಿದ್ದರೆ ಪಾಠವೇ ಇಲ್ಲ. ಹೋಲಿಸಬೇಕಾದುದು ಯಾವುದರೊಡನೆ ಎಂಬುದು ಊರಿನಿಂದ ಊರಿಗೆ ಬದಲಾಗುತ್ತದೆ. ಅಭಿವೃದ್ಧಿಶೀಲ ದೇಶಗಳ ಮೌಲ್ಯಮಾಪನದಲ್ಲಿ ಇದಕ್ಕೆ ಸಿಗಬೇಕಾದ ಸ್ಥಾನ ಸಿಕ್ಕಿಲ್ಲ.

ಸಂಖ್ಯೆಗಳೂ ಹಾಗೆಯೇ. ಹಾರ್ವರ್ಡ್ ಮತ್ತು ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಗಳು 2012-13ರಲ್ಲಿ ನಡೆಸಿದ 17 ತೆರೆದ ಶಿಕ್ಷಣಕ್ರಮಗಳಲ್ಲಿ 8,41,687 ನೋಂದಣಿಗಳಾದುವು. ಪ್ರಮಾಣಪತ್ರ ಪಡೆದವರು 43,196. ಇದು ಸೋಲೆಂದು ಕೆಲವರು ಕೂಗಿದರು. ಗ್ರಂಥಾಲಯದಲ್ಲಿ ಪುಸ್ತಕವನ್ನು ತಿರುವಿ ನೋಡಿದವರೆಲ್ಲರೂ ಅದನ್ನು ಪೂರ್ತಿಯಾಗಿ ಓದಬೇಕೆಂದು ನಾವು ಕೇಳುವುದಿಲ್ಲ. ಆದರೆ ಪದವಿಗೆ ಅಂಕ ಬೇಕಾದವನ ಪ್ರಶ್ನೆ ಬೇರೆ. 2017ರ ಜುಲೈ 9ರಂದು ಆರಂಭವಾದ ನಮ್ಮ ದೇಶದ ‘ಸ್ವಯಂ’ ವೇದಿಕೆಯ ಪಾಠಗಳನ್ನು ಪದವಿಯ ಭಾಗವಾಗಿ ಎಣಿಸಲು 2016ರ ನಿಯಮ ನೂರಕ್ಕೆ 20ರವರೆಗೆ ಅವಕಾಶ ಕೊಟ್ಟಿತ್ತು. 2021ರಲ್ಲಿ ಅದು 40ಕ್ಕೆ ಏರಿತು. ಅಲ್ಲಿ ಅರ್ಧದಲ್ಲಿ ಬಿಟ್ಟವನಿಗೆ ನಷ್ಟವಿದೆ.

2020ರ ಮಾರ್ಚಿನಲ್ಲಿ ಕಾಲೇಜುಗಳು ಮುಚ್ಚಿದಾಗ ದೂರಬೋಧನೆ ಕೆಲವರ ಆಯ್ಕೆಯಾಗಿ ಉಳಿಯದೆ ಎಲ್ಲರ ಮೇಲೂ ಬಿತ್ತು. 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ಭಾರತದ ನಗರಗಳ ಮನೆಗಳಲ್ಲಿ ನೂರಕ್ಕೆ 42ಕ್ಕೆ ಅಂತರ್ಜಾಲದ ಸೌಕರ್ಯವಿತ್ತು. ಹಳ್ಳಿಗಳ ಮನೆಗಳಲ್ಲಿ 14.9ಕ್ಕೆ ಮಾತ್ರ. ಗಣಕಯಂತ್ರವಿದ್ದ ಹಳ್ಳಿಯ ಮನೆಗಳು ನೂರಕ್ಕೆ 4.4. 2021ರಲ್ಲಿ ಕರ್ನಾಟಕ ಸರ್ಕಾರವು ಸರ್ಕಾರಿ ಕಾಲೇಜುಗಳಿಗೆ ಕಲಿಕಾ ನಿರ್ವಹಣಾ ವ್ಯವಸ್ಥೆಯೊಂದನ್ನು ಜಾರಿಗೆ ತಂದಿತು. ಇಂಥ ವ್ಯವಸ್ಥೆಗಳಲ್ಲಿ ಜಗತ್ತಿನಲ್ಲೆಲ್ಲ ಹೆಚ್ಚು ಬಳಕೆಯಲ್ಲಿರುವ ‘ಮೂಡಲ್’ ಎಂಬುದನ್ನು 2002ರಲ್ಲಿ ಹೊರತಂದ ಮಾರ್ಟಿನ್ ಡೂಗಿಯಾಮಸ್ ಆಸ್ಟ್ರೇಲಿಯದ ಪಶ್ಚಿಮದ ಮರುಭೂಮಿಯಲ್ಲಿ ರೇಡಿಯೋ ಮೂಲಕ ಪಾಠ ಕಲಿತು ಬೆಳೆದವರು. ಪಡೆಯುವ ತುದಿಯಲ್ಲಿ ಕುಳಿತಿದ್ದ ಬಾಲಕನೇ ಮುಂದೆ ಕಳುಹಿಸುವ ಯಂತ್ರವನ್ನು ಕಟ್ಟಿದುದು ಈ ಚರಿತ್ರೆಯಲ್ಲಿ ಅಪರೂಪದ ಸಂಗತಿ.

ಅಂತರ್ಜಾಲದಲ್ಲಿ ಮರುದಾರಿ ಹೇರಳವಾಗಿದೆ. ಎಜುಸ್ಯಾಟಿನ ಕೊರತೆ ಇಲ್ಲಿ ನೀಗಿತೆಂದೇ ಮೊದಲ ನೋಟಕ್ಕೆ ತೋರುತ್ತದೆ. ಯಾರು ಎಷ್ಟು ಹೊತ್ತಿಗೆ ಒಳಬಂದರು, ಎಷ್ಟು ನಿಮಿಷ ಇದ್ದರು, ಯಾವ ಪುಟವನ್ನು ತೆರೆದರು ಎಂಬುದೆಲ್ಲ ಯಂತ್ರಕ್ಕೆ ತಿಳಿಯುತ್ತದೆ. ಈ ಲೆಕ್ಕವನ್ನೇ ಕಲಿಕೆಯ ಲೆಕ್ಕವೆಂದು ತಿಳಿಯುವ ಅಭ್ಯಾಸವೂ ಜೊತೆಯಲ್ಲಿಯೇ ಬೆಳೆಯಿತು. ಒಂದು ಮನೆಯಲ್ಲಿ ಒಂದೇ ಮೊಬೈಲು. ಅಕ್ಕ ತಂಗಿ ಇಬ್ಬರೂ ಅದರ ಮುಂದೆ ಕುಳಿತು ಪಾಠ ಕೇಳಿದರೆ ಯಂತ್ರ ಒಬ್ಬಳ ಹಾಜರಿಯನ್ನು ಬರೆದುಕೊಳ್ಳುತ್ತದೆ. ಪಾಠವನ್ನು ಹಚ್ಚಿಟ್ಟು ದನಕ್ಕೆ ನೀರಿಡಲು ಹೋದವನ ಹಾಜರಿಯನ್ನು ಪೂರ್ತಿಯಾಗಿ ಬರೆದುಕೊಳ್ಳುತ್ತದೆ. ನೆಟ್‌ವರ್ಕ್ ಸಿಗದೆ, ಸ್ನೇಹಿತನ ಪುಸ್ತಕದಿಂದ ಟಿಪ್ಪಣಿ ಇಳಿಸಿಕೊಂಡು ಓದಿದವನು ಅದರ ಪಾಲಿಗೆ ಇಲ್ಲವೇ ಇಲ್ಲ. ಕಾಡಂಚಿನ ಊರುಗಳಲ್ಲಿ ಈ ಮೂರನೆಯ ಬಗೆಯವರನ್ನು ಬಿಟ್ಟು ಮಾಡಿದ ಲೆಕ್ಕ ಯಾವ ಲೆಕ್ಕ? 2020ರ ಆಗಸ್ಟ್ 28ರಂದು ಸರ್ವೋಚ್ಚ ನ್ಯಾಯಾಲಯವು ಅಂತಿಮ ಪರೀಕ್ಷೆ ಇಲ್ಲದೆ ಪದವಿ ಕೊಡುವಂತಿಲ್ಲವೆಂದು ತೀರ್ಪಿತ್ತಿತು. ಇಷ್ಟೆಲ್ಲ ಹೊಸ ಮಾಪನಗಳ ನಡುವೆಯೂ ಕೊನೆಗೆ ನಂಬಿಕೆಗೆ ಅರ್ಹವಾಗಿ ಉಳಿದುದು ಬರೆದು ಒಪ್ಪಿಸುವ ಹಳೆಯ ಕ್ರಮವೇ.

ಭಾಷೆಯ ವಿಷಯವನ್ನು ಬಿಟ್ಟರೆ ವಿಚಾರ ಅಪೂರ್ಣವಾಗುವುದು. ಚಾಮರಾಜನಗರದ ಶಾಲೆಗೆ ಉಪಗ್ರಹ ಕನ್ನಡದಲ್ಲಿ ಮಾತನಾಡಿತು; ತಾಂತ್ರಿಕ ವಿಶ್ವವಿದ್ಯಾನಿಲಯದ ಶಿಕ್ಷಣಮಾಧ್ಯಮ ಇಂಗ್ಲಿಷು. 2003ರಿಂದ ಐಐಟಿಗಳೂ ಭಾರತೀಯ ವಿಜ್ಞಾನ ಸಂಸ್ಥೆಯೂ ಕೂಡಿ ಸಿದ್ಧಪಡಿಸಿದ ‘ಎನ್‌ಪಿಟೆಲ್’ ಪಾಠಗಳು ಉತ್ತಮವಾದವೆಂಬುದರಲ್ಲಿ ಸಂಶಯವಿಲ್ಲ. ಅವೂ ಹುಟ್ಟಿದ್ದು ಇಂಗ್ಲಿಷಿನಲ್ಲಿ, ಕನ್ನಡಕ್ಕೆ ತರುವ ಕೆಲಸ ತಡವಾಗಿ ಮೊದಲಾಯಿತು. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದವನು ಇಂಥ ಪಾಠವನ್ನು ಅರ್ಧದಲ್ಲಿ ಬಿಟ್ಟರೆ, ಆ ಸೋಲು ಯಂತ್ರದ್ದೆ, ಪಾಠದ್ದೆ, ಭಾಷೆಯದ್ದೆ? ನಮ್ಮ ಮೌಲ್ಯಮಾಪನದ ನಮೂನೆಗಳಲ್ಲಿ ಇವು ಮೂರಕ್ಕೂ ಸಾಮಾನ್ಯವಾಗಿ ಒಂದೇ ಅಂಕಣ. ಬೇರೆ ಬೇರೆ ಅಂಕಣಗಳನ್ನು ಎಳೆಯಲು ಹೆಚ್ಚು ಖರ್ಚೇನೂ ತಗುಲದು. ಎಳೆದರೆ ಬರುವ ಉತ್ತರ ಅಹಿತವಾಗಬಹುದೆಂಬ ಅಂಜಿಕೆ ಇರಬಹುದು.

ಜಿಲ್ಲೆಯಲ್ಲಿಯೇ ವಿಶ್ವವಿದ್ಯಾನಿಲಯವಾದರೆ ದೂರದ ಪ್ರಶ್ನೆಯೇ ಇಲ್ಲವಾಗುವುದೆಂಬ ಆಸೆಯೂ ನಡುವೆ ಮೂಡಿತ್ತು. 2022ರಲ್ಲಿ ರಾಜ್ಯವು ರೂಪಿಸಿದ ಹೊಸ ವಿಶ್ವವಿದ್ಯಾನಿಲಯಗಳಲ್ಲಿ ಚಾಮರಾಜನಗರದ್ದೂ ಒಂದು. 2025ರ ಫೆಬ್ರವರಿಯಲ್ಲಿ ಸಚಿವಸಂಪುಟದ ಉಪಸಮಿತಿ ಮುಚ್ಚಬಹುದೆಂದು ಶಿಫಾರಸು ಮಾಡಿದ ಒಂಬತ್ತರಲ್ಲಿ ಅದರ ಹೆಸರೂ ಇತ್ತು. ಹತ್ತಿರದ ಕೇಂದ್ರಗಳು ದುರ್ಬಲವಾದಷ್ಟೂ ದೂರಬೋಧನೆಯ ಹೊರೆ ಹೆಚ್ಚುತ್ತದೆ. ಅದನ್ನು ಸರಿಯಾಗಿ ಅಳೆಯಬೇಕಾದ ಅವಶ್ಯಕತೆಯೂ ಹೆಚ್ಚುತ್ತದೆ.

ಪಡೆಯುವ ತುದಿಯ ಆಧಾರಗಳು ಎಲ್ಲಿ ಸಿಕ್ಕಾವು? ಶಾಲೆಯ ದಾಸ್ತಾನು ಪುಸ್ತಕವನ್ನು ಮೊದಲು ನೋಡಬೇಕು. ಆಂಟೆನಾ, ದೂರದರ್ಶನ, ಬ್ಯಾಟರಿಗಳು ಯಾವ ದಿನ ದಾಖಲಾದುವು, ಯಾವ ದಿನ ಕೆಟ್ಟುವೆಂದು ಬರೆಯಲಾಯಿತು, ಯಾವ ದಿನ ತೆಗೆದುಹಾಕಲಾಯಿತು ಎಂಬುದು ಅಂಥ ಪುಸ್ತಕದಲ್ಲಿ ಇರಬೇಕಾದ ವಿವರ. ತನಿಖಾಧಿಕಾರಿಗಳ ಭೇಟಿ ಪುಸ್ತಕ, ವಿದ್ಯುತ್ತಿನ ಬಿಲ್ಲುಗಳ ಕಡತ, ಮುಕ್ತ ವಿಶ್ವವಿದ್ಯಾನಿಲಯದ ಸಂಪರ್ಕ ತರಗತಿಗಳ ಹಾಜರಿ ಪಟ್ಟಿಗಳು ಇದಕ್ಕೆ ಪೂರಕ. ಇಂಥ ಕಾಗದಗಳಿಗೆ ಕಚೇರಿಗಳಲ್ಲಿ ದೀರ್ಘಾಯುಸ್ಸಿಲ್ಲ. ಬೀರು ತುಂಬಿದಾಗ ಮೊದಲು ಹೊರಬೀಳುವುವು ಇವೇ. ಇವುಗಳ ಪಕ್ಕದಲ್ಲಿಯೇ ಬಾಯಿಮಾತಿನ ಸಾಕ್ಷ್ಯ. 2005ರಲ್ಲಿ ಆ ಪೆಟ್ಟಿಗೆಯ ಮುಂದೆ ಕುಳಿತಿದ್ದ ಹತ್ತು ವರ್ಷದ ಮಕ್ಕಳಿಗೆ ಈಗ ಮೂವತ್ತರ ಆಸುಪಾಸು. ಕಲಿಸಿದ ಮೇಷ್ಟರಲ್ಲಿ ಹಲವರು ನಿವೃತ್ತರಾಗಿರಬೇಕು. ಗುಂಡ್ಲುಪೇಟೆ ತಾಲ್ಲೂಕಿನ ಒಂದು ಹೋಬಳಿಯನ್ನು ಆಯ್ದುಕೊಂಡು, ಶಾಲೆ ಶಾಲೆಯ ದಾಸ್ತಾನು ಪುಸ್ತಕವನ್ನೂ ಆ ಹಳೆಯ ವಿದ್ಯಾರ್ಥಿಗಳ ಮಾತನ್ನೂ ಎದುರುಬದುರಾಗಿ ಇಟ್ಟು ಓದುವ ಕೆಲಸಕ್ಕೆ ಇಬ್ಬರು ಸಂಶೋಧಕರೂ ಎರಡು ಬೇಸಿಗೆಗಳೂ ಸಾಕು.